ಮಲೆನಾಡಿನ ಹಳೆಯ ಜೀಪುಗಳು ಮತ್ತು ಬಿಡಿಭಾಗಗಳ ಇತಿಹಾಸ

ಕಳೆದ ಬಾರಿ ನಮ್ಮ ಕಡೆಯ ಎತ್ತಿನ ಗಾಡಿಗಳನ್ನು ಕುರಿತು ಬರೆದಿದ್ದೆ. ಅದನ್ನು ಓದಿ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಕಳುಹಿಸಿದ್ದಾನೆ. ಹೊಸನಗರದ ಕಡೆಯ ಒಂದು ಮನೆಯ ಕೊಟ್ಟಿಗೆಯಲ್ಲಿ ಬಹುಕಾಲದಿಂದ ನಿಂತಿದ್ದ ಜೀಪೊಂದನ್ನು ಆತ ಕೊಂಡಿದ್ದಾನಂತೆ. ರಜಾದಿನಗಳಲ್ಲಿ ಅದನ್ನು ಬಿಚ್ಚಿ, ತುಕ್ಕು ಕೆರೆದು, ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ ಎಂದು ಅಲೆದು ಬಿಡಿಭಾಗಗಳನ್ನು ಕೂಡಿಸುತ್ತಿದ್ದಾನೆ. "ಸರ್, ಇದರ ಚಾಸಿ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು, ಬಾನೆಟ್ಟು ಮತ್ತೊಂದರದ್ದು. ಇದರ ಮೂಲರೂಪ ಯಾವುದೆಂದು ತಿಳಿದು ಹಾಗೆಯೇ ಮಾಡಬೇಕೆಂದಿದ್ದೇನೆ. ತಾವೇನು ಹೇಳುತ್ತೀರಿ?" ಎಂಬುದು ಅವನ ಪ್ರಶ್ನೆ.

ನಾನು ಪಾನಾ ಹಿಡಿದು ಕೆಲಸ ಮಾಡಿದವನಲ್ಲ, ಪಾಠ ಹೇಳಿದವನು. ಆದರೆ ಮೂಲರೂಪ ಯಾವುದೆಂಬ ಪ್ರಶ್ನೆ ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಇತಿಹಾಸಕ್ಕೆ ಸೇರಿದ್ದು. ಆದ್ದರಿಂದ ಉತ್ತರವನ್ನು ಅವನೊಬ್ಬನಿಗೇ ಬರೆಯದೆ ಎಲ್ಲರ ಮುಂದಿಡುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಅನೇಕ ಮನೆಗಳ ಕೊಟ್ಟಿಗೆ, ಕಣಗಳ ಮೂಲೆಯಲ್ಲಿ ಇಂಥ ವಾಹನಗಳು ಇದ್ದವು. ಕೆಲವು ಇಂದಿಗೂ ಇವೆ.

ಮೊದಲಿಗೆ ನಮ್ಮ ನೆಲದ ಸ್ವರೂಪವನ್ನು ನೆನೆಯಬೇಕು. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಒಂದು ಕಣಿವೆಗೆ ಎರಡು ಮನೆ, ಒಂದು ತೋಟದ ತಲೆಗೆ ಒಂದು ಮನೆ. ಅಲ್ಲಿಂದ ಡಾಂಬರು ರಸ್ತೆಗೆ ಬರಬೇಕಾದರೆ ಹಳ್ಳ ದಾಟಬೇಕು, ಉಬ್ಬು ಹತ್ತಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ; ಹುಲಿಕಲ್ಲಿನಲ್ಲಿಯೂ ಮಳೆ ಅದಕ್ಕೇನೂ ಕಡಿಮೆಯಿಲ್ಲ. ಕರಾವಳಿಗೆ ಇಳಿಯಬೇಕೆಂದರೆ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ, ಇಲ್ಲವೇ ಹುಲಿಕಲ್ ಘಾಟಿ. ಇಂಥಲ್ಲಿ ವಾಹನವೆಂಬುದು ಸಿರಿವಂತಿಕೆಯ ಗುರುತಾಗುವ ಮೊದಲೇ ಅಗತ್ಯವಾಗಿತ್ತು. ಇದೇ ಮಳೆ ಕಬ್ಬಿಣದ ಶತ್ರುವೂ ಹೌದು. ಬಯಲುಸೀಮೆಯಲ್ಲಿ ಮೂವತ್ತು ವರ್ಷ ನಿಂತ ಗಾಡಿ ಧೂಳು ಹಿಡಿಯುತ್ತದೆ. ನಮ್ಮಲ್ಲಿ ಮೂರು ಮಳೆಗಾಲ ಹೊರಗೆ ನಿಂತ ಗಾಡಿಯ ತಳವೇ ಉಳಿಯುವುದಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುನ್ನ ನಮ್ಮ ದೇಶದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಷೆವರ್ಲೆ, ಫೋರ್ಡ್, ಡಾಡ್ಜ್‌ನಂಥ ಅಮೆರಿಕದ ಕಾರುಗಳು ಹೆಚ್ಚು ಪರಿಚಿತವಾಗಿದ್ದವು. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿಯೇ ಮುಂಬಯಿಯಲ್ಲಿ ಕಾರು ಜೋಡಣೆಯ ಕಾರ್ಖಾನೆಯನ್ನು ಆರಂಭಿಸಿತ್ತು. ಮಲೆನಾಡಿನಲ್ಲಿ ಕಾರು ಇದ್ದದ್ದು ಬೆರಳೆಣಿಕೆಯ ಸಾಹುಕಾರರಲ್ಲಿ. ಉಳಿದವರಿಗೆ ಖಾಸಗಿ ಕಂಪನಿಗಳ ಬಸ್ಸುಗಳು. ಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳಿಗೆ ಇದ್ದಿಲು ಉರಿಸುವ ಕೊಳವೆಯಾಕಾರದ ಒಲೆಯನ್ನು ಅಳವಡಿಸಿ, ಅದರಿಂದ ಬರುವ ಅನಿಲದಲ್ಲಿ ಎಂಜಿನ್ ನಡೆಸುತ್ತಿದ್ದರು. ಚಡಾವು ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದನ್ನು ನಮ್ಮ ಹಿರಿಯರು ನಗುತ್ತಾ ಹೇಳುತ್ತಿದ್ದರು. ಕಂಪನಿ ಮಾಡಿಕೊಟ್ಟ ಯಂತ್ರವನ್ನು ನಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳುವ ಪಾಠ ಹೀಗೆ ಅಭಾವದಿಂದಲೇ ಆರಂಭವಾಯಿತು.

ಜೀಪು ಬಂದದ್ದು ಅದೇ ಯುದ್ಧದ ಬೆನ್ನಿಗೆ. ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಎಂಬ ಎರಡು ಕಂಪನಿಗಳು ಒಂದೇ ವಿನ್ಯಾಸದ, ಒಟ್ಟು ಆರು ಲಕ್ಷಕ್ಕೂ ಮೀರಿದ ಜೀಪುಗಳನ್ನು ತಯಾರಿಸಿದವು. 2.2 ಲೀಟರಿನ, ನಾಲ್ಕು ಸಿಲಿಂಡರಿನ, ಸುಮಾರು ಅರವತ್ತು ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ನಾಲ್ಕು ಚಕ್ರಗಳಿಗೂ ಎಳೆಯುವ ಶಕ್ತಿ. 1945ರಲ್ಲಿ ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ವಾಹನಗಳು 'ಡಿಸ್ಪೋಸಲ್' ಎಂಬ ಹೆಸರಿನಲ್ಲಿ ಹರಾಜಾದವು. ನಮ್ಮಲ್ಲಿ ಹಳೆಯ ಜೀಪುಗಳನ್ನು 'ಮಿಲಿಟರಿ ಡಿಸ್ಪೋಸಲ್' ಎಂದು ಕರೆಯುತ್ತಿದ್ದುದು ಇದರಿಂದಲೇ.

ಫೋರ್ಡ್ ಕಂಪನಿಯು ತಾನು ತಯಾರಿಸಿದ ಜೀಪಿನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೆ ಸಹ, ತನ್ನ ಹೆಸರಿನ ಮೊದಲಕ್ಷರವಾದ 'ಎಫ್' ಮುದ್ರೆಯನ್ನು ಒತ್ತುತ್ತಿತ್ತು. ಇಂದು ಗುಜರಿ ರಾಶಿಯ ಮುಂದೆ ಕುಳಿತು, ಭೂತಗನ್ನಡಿ ಹಿಡಿದು, ಮಣ್ಣು ಮೆತ್ತಿದ ಬೋಲ್ಟಿನ ಮೇಲೆ ಆ ಅಕ್ಷರವನ್ನು ಹುಡುಕುವ ಹವ್ಯಾಸಿಗಳಿದ್ದಾರೆ. ನಾಣ್ಯದ ಮೇಲಿನ ಅಕ್ಷರವನ್ನು ಓದಿ ರಾಜನ ಕಾಲ ಹೇಳುವ ನಮ್ಮ ಶಾಸ್ತ್ರಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ.

1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಸಂಸ್ಥೆ ದೇಶವಿಭಜನೆಯ ನಂತರ, ಪಾಲುದಾರ ಗುಲಾಂ ಮೊಹಮ್ಮದ್ ಅವರು ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೋದ ಮೇಲೆ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನೂ, ಮುಂದೆ ತಯಾರಿಕೆಯನ್ನೂ ಕೈಗೊಂಡಿತು. ನಾವೆಲ್ಲ ಕಂಡ ಎತ್ತರದ ಬಾನೆಟ್ಟಿನ ಜೀಪು ಸಿ.ಜೆ.3ಬಿ ಎಂಬ ಮಾದರಿ. ಅದರ ಹೊಸ ಎಂಜಿನ್ನಿನಲ್ಲಿ ಒಳಬರುವ ಗಾಳಿಯ ಕವಾಟಗಳು ಮೇಲ್ಭಾಗದಲ್ಲಿದ್ದುದರಿಂದ ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಚಂದಕ್ಕಾಗಿ ಮಾಡಿದ್ದಲ್ಲ.

ಈ ಜೀಪು ಮಲೆನಾಡಿನಲ್ಲಿ ಮಾಡದ ಕೆಲಸವಿಲ್ಲ. ಅಡಿಕೆ ಮೂಟೆಯನ್ನು ಸಾಗರದ ಮಂಡಿಗೆ ಸಾಗಿಸಿತು. ದಿಬ್ಬಣದಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡಿತು. ಹೆರಿಗೆಯ ನೋವು ತಿನ್ನುತ್ತಿದ್ದವರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿತು. ಚುನಾವಣೆಯಲ್ಲಿ ಮತಪೆಟ್ಟಿಗೆ ಹೊತ್ತಿತು; ಪರೀಕ್ಷೆಯ ದಿನಗಳಲ್ಲಿ ಪ್ರಶ್ನೆಪತ್ರಿಕೆಯ ಜೊತೆಗೆ ನನ್ನಂಥ ಮೇಷ್ಟ್ರುಗಳನ್ನೂ ಹೊತ್ತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿದ ಮೇಲೆ, ಸಾಗರ ತಾಲ್ಲೂಕಿನ ಕರೂರು–ಬಾರಂಗಿ ಹೋಬಳಿಯ ಜನ ಹಿನ್ನೀರಿನ ಆಚೆಗೇ ಉಳಿದರು. ಅಲ್ಲಿನ ವಾಹನಗಳು ಪೇಟೆಗೆ ಬರಬೇಕಾದರೆ ಹೊಳೆಬಾಗಿಲಿನ ಲಾಂಚು ಹತ್ತಬೇಕಿತ್ತು. 2025ರ ಜುಲೈ 14ರಂದು ಸಿಗಂದೂರಿನ ಸೇತುವೆ ಉದ್ಘಾಟನೆಯಾಗುವವರೆಗೂ ಇದೇ ಸ್ಥಿತಿ. ಲಾಂಚು ನಿಂತ ರಾತ್ರಿ ಜೀಪು ಕೆಟ್ಟರೆ ಕೈಯಲ್ಲಿದ್ದ ತಂತಿ, ತಗಡು, ಹಳೆಯ ಟ್ಯೂಬಿನ ರಬ್ಬರುಗಳಲ್ಲಿಯೇ ರಿಪೇರಿ ಆಗಬೇಕು. ದ್ವೀಪದ ಜೀವನ ಮನುಷ್ಯನನ್ನು ಹೇಗೆ ಮೆಕ್ಯಾನಿಕ್ಕನನ್ನಾಗಿ ಮಾಡುತ್ತದೆ ಎಂಬುದಕ್ಕೆ ತುಮರಿ ಕಡೆಯ ಹಿರಿಯರೇ ಸಾಕ್ಷಿ.

ಬಿಡಿಭಾಗಗಳ ಅಭಾವಕ್ಕೆ ದೇಶದ ಆರ್ಥಿಕ ನೀತಿಯೂ ಕಾರಣವಾಗಿತ್ತು. ಕೇವಲ ಜೋಡಿಸುವ ಕಂಪನಿಗಳು ಇಲ್ಲಿ ಬೇಡ, ಇಲ್ಲಿಯೇ ತಯಾರಿಸುವವರು ಮಾತ್ರ ಇರಲಿ ಎಂದು ಸರಕಾರ 1953ರಲ್ಲಿ ನಿರ್ಧರಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ತಮ್ಮ ಜೋಡಣಾ ಕಾರ್ಖಾನೆಗಳನ್ನು ಮುಚ್ಚಿದವು. ಹಿಂದೂಸ್ತಾನ್ ಮೋಟಾರ್ಸ್, ಪ್ರೀಮಿಯರ್, ಸ್ಟ್ಯಾಂಡರ್ಡ್, ಮಹೀಂದ್ರ ಮುಂತಾದ ಕೆಲವೇ ದೇಶೀಯ ಸಂಸ್ಥೆಗಳು ಉಳಿದವು. ಸ್ವದೇಶೀ ಕೈಗಾರಿಕೆ ಬೆಳೆಯಲು ಆ ನೀತಿ ಸಹಾಯಕವಾಯಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಳೆಯ ಷೆವರ್ಲೆ ಇಟ್ಟುಕೊಂಡವನಿಗೆ ಅದರ ಗೇರಿನ ಒಂದು ಹಲ್ಲು ಮುರಿದರೂ ಹೊಸದು ಸಿಗುವಂತಿರಲಿಲ್ಲ. ಹೊಸ ಕಾರಿಗೆ ಹೆಸರು ಬರೆಯಿಸಿದರೆ ವರ್ಷಗಟ್ಟಲೆ ಕಾಯಬೇಕು. ಆದುದರಿಂದ ಇರುವುದನ್ನೇ ಬದುಕಿಸಿಕೊಳ್ಳುವುದು ಅನಿವಾರ್ಯವಾಯಿತು.

ಈ ಅನಿವಾರ್ಯತೆಯಿಂದ ಹುಟ್ಟಿದವರು ನಮ್ಮ ಗ್ಯಾರೇಜಿನ ಮೇಸ್ತ್ರಿಗಳು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಲೆಯ ದಾರಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅದರ ಮೇಸ್ತ್ರಿ ಈಗ ತೀರಿಕೊಂಡು ಬಹಳ ವರ್ಷಗಳಾದವು. ನಾಲ್ಕನೆಯ ತರಗತಿಗೆ ಓದು ಬಿಟ್ಟವರು. ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಕೆಗೆ ಕಿವಿಯಿಟ್ಟು, "ಮೂರನೇ ಸಿಲಿಂಡರಿನದು ಬಡಕೊಳ್ತಾ ಇದೆ ಮೇಷ್ಟ್ರೇ" ಎನ್ನುತ್ತಿದ್ದರು. ಬಿಚ್ಚಿದರೆ ಹಾಗೆಯೇ ಇರುತ್ತಿತ್ತು. ಗ್ಯಾಸ್ಕೆಟ್ ಇಲ್ಲವೆಂದರೆ ದಪ್ಪ ರಟ್ಟನ್ನು ಎಂಜಿನ್ನಿನ ಅಂಚಿಗೆ ಹಿಡಿದು, ಸುತ್ತಿಗೆಯ ದುಂಡು ತುದಿಯಿಂದ ಮೆಲ್ಲಗೆ ಬಡಿದು, ಅಂಚಿನ ಗುರುತಿನ ಮೇಲೆಯೇ ಕತ್ತರಿಸುತ್ತಿದ್ದರು. ಸವೆದ ಬುಷ್ಷುಗಳನ್ನು ಲೇತಿನಲ್ಲಿ ಕಂಚಿನಿಂದ ಹೊಸದಾಗಿ ಕಡೆಯಿಸುತ್ತಿದ್ದರು. ತಮ್ಮ ಲೇತಿಗೆ ಮೀರಿದ ಕೆಲಸವಾದರೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳುಹಿಸುತ್ತಿದ್ದರು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಪಕ್ಕದಲ್ಲಿಯೇ ಇದ್ದು, ಶಿವಮೊಗ್ಗದಲ್ಲಿ ಎರಕದ ಕಾರ್ಖಾನೆಗಳು ಬೆಳೆದದ್ದು ನಮ್ಮ ಜಿಲ್ಲೆಯ ಭಾಗ್ಯ.

ಆ ಮೇಸ್ತ್ರಿಗೂ ನನಗೂ ಸಂಬಂಧ ಬೆಳೆದದ್ದು ಕಾಗದ ಬರೆಯುವ ಕೆಲಸದಿಂದ. ಮದ್ರಾಸು, ಮುಂಬಯಿಗಳ ಬಿಡಿಭಾಗದ ಅಂಗಡಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಶೆಡ್ಡಿನ ಮುಂದಿನ ಮರದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದೆ. ಅವರು ಸೀಮೆಎಣ್ಣೆಯಲ್ಲಿ ಭಾಗವನ್ನು ತೊಳೆದು, ಅದರ ಮೇಲೆ ಮೂಡಿದ್ದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಅಂಕಿ ಅಳಿಸಿಹೋಗಿದ್ದರೆ ಭಾಗವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಅಳತೆ ಬರೆದು ಲಕೋಟೆಗೆ ಹಾಕುತ್ತಿದ್ದೆವು. ಮೂರು ವಾರ, ಒಮ್ಮೊಮ್ಮೆ ಎರಡು ತಿಂಗಳು ಕಳೆದು ವಿ.ಪಿ.ಪಿ. ಪಾರ್ಸೆಲ್ ಬರುತ್ತಿತ್ತು. ದುಡ್ಡು ಕಟ್ಟಿ ಬಿಡಿಸಿಕೊಂಡು ತೆರೆದು ನೋಡಿ, ಸರಿಯಾದದ್ದೇ ಬಂದಿದ್ದರೆ ಅಂದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಮಂಡಕ್ಕಿ, ಚಹಾ.

ಅಂಚೆಯಿಂದ ಬರುವುದಕ್ಕಿಂತ ಹೆಚ್ಚಿನ ವ್ಯವಹಾರ ಊರೂರುಗಳ ನಡುವೆಯೇ ಸಾಗುತ್ತಿತ್ತು. ತೀರ್ಥಹಳ್ಳಿಯ ಕಡೆ ಯಾರ ಮನೆಯಲ್ಲಿ ಹೆಚ್ಚುವರಿ ಡೈನಮೊ ಇದೆ, ಹೊಸನಗರದ ಯಾವ ತೋಟದಲ್ಲಿ ಚಾಸಿ ಮುರಿದ ಜೀಪು ಬಿದ್ದಿದೆ ಎಂಬುದು ಮೇಸ್ತ್ರಿಗಳಿಗೆ ಬಾಯಿಪಾಠ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಹೋಗುತ್ತಿತ್ತು. ಮರುದಿನದ ಬಸ್ಸಿನಲ್ಲಿ ಗೋಣಿಚೀಲದಲ್ಲಿ ಸುತ್ತಿದ ಭಾಗ ಬರುತ್ತಿತ್ತು. ಬೆಲೆ ಕಟ್ಟುವುದು ಅಪರೂಪ. ಇಂದು ಡೈನಮೊ ಕೊಟ್ಟವನಿಗೆ ನಾಳೆ ಕಾರ್ಬುರೇಟರ್ ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಯ್ಯಾಳಿನ ಪದ್ಧತಿಯಲ್ಲಿ ನಾಟಿ, ಕೊಯಿಲು ಮಾಡುತ್ತಿದ್ದ ಜನ ಅದೇ ನ್ಯಾಯವನ್ನು ಬಿಡಿಭಾಗಗಳಿಗೂ ಅನ್ವಯಿಸಿಕೊಂಡಿದ್ದರು.

ಹೀಗೆ ಬದುಕುಳಿದ ಜೀಪು ಕಾರ್ಖಾನೆಯಿಂದ ಬಂದಂತೆಯೇ ಉಳಿಯುವುದು ಹೇಗೆ ಸಾಧ್ಯ? ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ ಹನ್ನೆರಡು ವೋಲ್ಟಿನದಾಯಿತು. ಕಾರ್ಟರ್ ಕಾರ್ಬುರೇಟರ್ ಹೋಗಿ ಸೋಲೆಕ್ಸ್ ಬಂದಿತು. ಬಟ್ಟೆಯ ಹುಡ್ಡು ಹೋಗಿ ಮಳೆಗೆ ತಡೆಯುವ ತಗಡಿನ ಮಾಡು ಬಂದಿತು. 1973ರ ನಂತರ ಜಗತ್ತಿನಲ್ಲಿ ಪೆಟ್ರೋಲಿನ ಬೆಲೆ ಏರಿದಾಗ, ಪೆಟ್ರೋಲ್ ಎಂಜಿನ್ನನ್ನೇ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ನಾಡಿನ ಗ್ಯಾರೇಜುಗಳಲ್ಲಿ ನಡೆಯಿತು. ಎಂಜಿನ್ ಕೂರುವ ಕಮ್ಮಿಗಳನ್ನು ಬೆಸೆದು, ಗೇರ್‌ಬಾಕ್ಸಿಗೆ ಹೊಂದುವ ತಟ್ಟೆಯನ್ನು ಲೇತಿನಲ್ಲಿ ಕಡೆದು ಮೇಸ್ತ್ರಿಗಳು ಅದನ್ನು ಸಾಧಿಸಿದರು. ಯಾವ ಕಂಪನಿಯೂ ಇದರ ನಕ್ಷೆ ಕೊಟ್ಟಿರಲಿಲ್ಲ.

ಮುಂದೆ 1983ರಲ್ಲಿ ಮಾರುತಿ ಬಂದಿತು. 1991ರ ನಂತರ ಹತ್ತಾರು ಹೊಸ ವಾಹನಗಳು ಬಂದವು. ಹಳೆಯ ಜೀಪುಗಳು ಕೊಟ್ಟಿಗೆ ಸೇರಿದವು; ಬಹಳಷ್ಟು ತೂಕಕ್ಕೆ ಹೋದವು. ಮೈಸೂರಿನಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನ ಬೈಕುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು.

ಆಶ್ಚರ್ಯವೆಂದರೆ, ತಯಾರಿಕೆ ನಿಂತ ಮೇಲೆಯೇ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದು. ಜಾವಾ–ಯೆಜ್ಡಿ ಸವಾರರು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ತಮ್ಮ ಬೈಕುಗಳೊಡನೆ ಸೇರುವ ಪದ್ಧತಿ ಬೆಳೆಯಿತು. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೀವು ಶಾಲಾ ಪ್ರವಾಸದಲ್ಲಿ ಕಂಡಿರುತ್ತೀರಿ. 2023ರಲ್ಲಿ ಶ್ರೀರಂಗಪಟ್ಟಣದ ಸಮೀಪ ಅವರದೇ 'ಪಯಣ' ಎಂಬ ಕಾರು ಸಂಗ್ರಹಾಲಯವೂ ಆರಂಭವಾಯಿತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಪ್ರೀತಿಯ ಜೊತೆಗೆ ಮಾರುಕಟ್ಟೆಯೂ ಬಂದಿದೆ. ಇಡೀ ಜೀಪಿಗಿಂತ ಬಿಚ್ಚಿದ ಜೀಪಿಗೆ ಹೆಚ್ಚು ಹಣ ಬರುತ್ತದೆಂದು ತಿಳಿದವರು ಮನೆಯ ಕೊಟ್ಟಿಗೆಯಲ್ಲಿ ಪೂರ್ಣವಾಗಿ ನಿಂತಿದ್ದ ವಾಹನವನ್ನು ಒಂದೇ ದಿನದಲ್ಲಿ ಹರಿದು ಹಂಚಿದ್ದನ್ನು ನಾನು ಕಂಡಿದ್ದೇನೆ. ಬಾನೆಟ್ಟು ಒಂದು ಊರಿಗೆ, ಗೇರ್‌ಬಾಕ್ಸು ಇನ್ನೊಂದಕ್ಕೆ. ಅದರ ಆರ್.ಸಿ. ಪುಸ್ತಕ ಒಲೆಗೆ. 'ಎಂ.ವೈ.' ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನೋಂದಣಿ, ಕೈಬದಲಾದ ನಾಲ್ಕಾರು ಮಾಲೀಕರ ಹೆಸರು, ಅವರ ಊರುಗಳು, ಎಲ್ಲವೂ ಆ ಪುಸ್ತಕದಲ್ಲಿದ್ದವು. ಮುಯ್ಯಿಯ ಕಾಲದಲ್ಲಿ ಒಂದು ಭಾಗ ಕೈಬದಲಾದರೆ ಒಂದು ವಾಹನ ಬದುಕುತ್ತಿತ್ತು. ಈಗಿನ ಈ ವ್ಯಾಪಾರದಲ್ಲಿ ಒಂದು ವಾಹನ ಸಾಯುತ್ತದೆ.

ಇನ್ನು ಕಾನೂನಿನ ಮಾತು. 2021ರ ಜುಲೈನಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು 'ವಿಂಟೇಜ್' ಎನಿಸುತ್ತವೆ. ಅವುಗಳ ಸಂಖ್ಯೆಯಲ್ಲಿ 'ವಿ.ಎ.' ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ನಿಯಮವು ಗೊತ್ತುಪಡಿಸಿದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವಿಕೆ ಮೊದಲಾದ ಉದ್ದೇಶಗಳಿಗೆ ಹೊರತು ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಮುಖ್ಯವಾಗಿ, ವಾಹನವು ಮೂಲರೂಪದಲ್ಲಿರಬೇಕು, ಗಣನೀಯವಾಗಿ ಬದಲಾಗಿರಬಾರದು ಎಂಬುದು ನಿಯಮ. ಎಂಜಿನ್ ಬದಲಿಸಿದರೆ ಅದನ್ನು ದಾಖಲಿಸಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯಲ್ಲಿಯೇ ಇದೆ.

ಅರಮನೆಯ ಲಾಯದಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರಿಗೆ ಈ ನಿಯಮ ಸರಿಯಾಗಿ ಹೊಂದುತ್ತದೆ. ದುಡಿದು ಬದುಕಿದ ನಮ್ಮ ಜೀಪುಗಳಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ನಮ್ಮ ಹಳೆಯ ಮನೆಗಳನ್ನು ನೋಡಿರಿ. ಹುಲ್ಲಿನ ಮಾಡು ಇದ್ದಲ್ಲಿ ಮಂಗಳೂರು ಹೆಂಚು ಬಂದಿತು, ಮಣ್ಣಿನ ನೆಲಕ್ಕೆ ರೆಡಾಕ್ಸೈಡ್ ಬಂದಿತು. ಅಜ್ಜನ ಮನೆ ಎಂದು ನಾವು ಕರೆಯುವುದು ಈ ಎಲ್ಲವನ್ನೂ ಕೂಡಿಸಿಯೇ. ಹೆಂಚು ತೆಗೆದು ಹುಲ್ಲು ಹೊದಿಸಿದರೆ ಅದು ಮುತ್ತಜ್ಜನ ಮನೆಯಾದೀತು, ಅಜ್ಜನದಾಗಿ ಉಳಿಯುವುದಿಲ್ಲ. ಹಾಗೆಯೇ, ಡೀಸೆಲ್ ಎಂಜಿನ್ ಕಿತ್ತು, ಮೇಸ್ತ್ರಿಯ ಬೆಸುಗೆಗಳನ್ನು ಕೆರೆದು, ಸೇನೆಯ ಹಸಿರು ಬಣ್ಣ ಬಳಿದರೆ 1944ರ ಅಮೆರಿಕದ ಜೀಪೊಂದು ಸಿಗುತ್ತದೆ. ಅಂಥವು ಜಗತ್ತಿನಲ್ಲಿ ಸಾಕಷ್ಟಿವೆ. ಹೊಸನಗರದ ಜೀಪು ಮಾತ್ರ ಇಲ್ಲವಾಗುತ್ತದೆ.

ಆದ್ದರಿಂದ ನನ್ನ ಶಿಷ್ಯನಿಗೆ ನಾನು ಹೇಳುವುದಿಷ್ಟು. ಕಾರ್ಖಾನೆಯ ರೂಪಕ್ಕೆ ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದೂ ಒಂದು ವಿದ್ಯೆ, ಅದಕ್ಕೆ ತಾಳ್ಮೆ ಬೇಕು. ಆದರೆ ಬಿಚ್ಚುವ ಮೊದಲು ಇದ್ದ ಸ್ಥಿತಿಯಲ್ಲಿಯೇ ಎಲ್ಲ ದಿಕ್ಕಿನಿಂದ ಚಿತ್ರ ತೆಗೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಬರೆದಿಡು. ಮಾರಿದ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು, ಯಾವ ವರ್ಷ ಯಾರಿಂದ ಕೊಂಡರು, ಯಾವ ಮೇಸ್ತ್ರಿ ಏನು ಬದಲಿಸಿದರು ಎಂದು ಕೇಳು. ತೆಗೆದ ಭಾಗಗಳಿಗೆ ಚೀಟಿ ಕಟ್ಟಿ ಇಡು. ಊರಿನ ಲೇತಿನಲ್ಲಿ ಕಡೆದ ಭಾಗವನ್ನು ಗುಜರಿಗೆ ಹಾಕಬೇಡ. ಬಿಡಿಭಾಗಕ್ಕಾಗಿ ಪೂರ್ಣವಾಗಿರುವ ಇನ್ನೊಂದು ವಾಹನವನ್ನು ಕೊಂಡು ಹರಿಯಬೇಡ. ಸಾಧ್ಯವಾದರೆ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಹುಡುಕಿ, ಅವರ ಕೈಕೆಳಗೆ ಕೆಲಸ ಮಾಡು. ಇಂದು ಕಂಪ್ಯೂಟರಿನಿಂದ ಅಳೆದು ಯಾವ ಭಾಗವನ್ನಾದರೂ ಮತ್ತೆ ಮಾಡಿಕೊಳ್ಳಬಹುದು. ಸ್ಕ್ರೂಡ್ರೈವರಿನ ಹಿಡಿಕೆಗೆ ಕಿವಿಯಿಟ್ಟು ರೋಗ ಹೇಳುವ ವಿದ್ಯೆ, ಅದನ್ನು ಬಲ್ಲವರು ಹೋದರೆ ಅವರೊಂದಿಗೇ ಹೋಗುತ್ತದೆ.

ಆ ವಿದ್ಯೆ ಪೂರ್ತಿ ಹೋಗಿಲ್ಲವೆಂಬುದಕ್ಕೆ ಹೊಸನಗರ ತಾಲ್ಲೂಕಿನಲ್ಲಿಯೇ ಸಾಕ್ಷಿಯಿದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಕಲ್ಲುದಾರಿಯನ್ನು ಹತ್ತುವ ಬಾಡಿಗೆ ಜೀಪುಗಳ ಚಾಲಕರನ್ನು ಮಾತನಾಡಿಸಿ ನೋಡಿರಿ. ಆ ದಾರಿಯಲ್ಲಿ ಯಾವ ಪಟ್ಟಿ ಮುರಿಯುತ್ತದೆ, ಯಾವ ಬೋಲ್ಟು ಸಡಿಲವಾಗುತ್ತದೆ ಎಂಬುದು ಅವರಿಗೆ ಶಬ್ದದಿಂದಲೇ ತಿಳಿಯುತ್ತದೆ. ಅವರಿಗೆ ಇದು ಹವ್ಯಾಸವಲ್ಲ, ಅನ್ನ.

ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಮ್ಮ ರಾಜರ ಶಾಸನಗಳನ್ನು ವಿದ್ವಾಂಸರು ಓದಿ ಅಚ್ಚು ಹಾಕಿಸಿದ್ದಾರೆ. ನಮ್ಮ ಮೋಟಾರು ವಾಹನಗಳ ಚರಿತ್ರೆ ಮಾತ್ರ ಅಟ್ಟದ ಮೇಲಿನ ಟ್ರಂಕುಗಳಲ್ಲಿದೆ. ಹಳೆಯ ಆರ್.ಸಿ. ಪುಸ್ತಕ, ಗ್ಯಾರೇಜಿನ ಬಿಲ್ಲು, ಆಯುಧಪೂಜೆಯ ದಿನ ಜೀಪಿನ ಮುಂದೆ ನಿಂತು ತೆಗೆಸಿಕೊಂಡ ಚಿತ್ರ, ಇವು ನಿಮ್ಮ ಮನೆಯಲ್ಲಿದ್ದರೆ ಎಸೆಯಬೇಡಿ. ಚಿತ್ರದ ಹಿಂಭಾಗದಲ್ಲಿ ವರ್ಷ, ಊರು, ನಿಂತವರ ಹೆಸರನ್ನು ಬರೆದಿಡಿ. ಅನುಕೂಲವಾದರೆ ಒಂದು ಪ್ರತಿಯನ್ನು ನನಗೂ ಕಳುಹಿಸಿ. ಮದ್ರಾಸಿನ ಅಂಗಡಿಗಳಿಂದ ಮೇಸ್ತ್ರಿಗೆ ಬಂದ ಉತ್ತರಗಳಲ್ಲಿ ಹನ್ನೊಂದು ಕಾಗದಗಳು ನನ್ನಲ್ಲಿವೆ. ಅವುಗಳ ಜೊತೆಗೆ ಜೋಡಿಸಿ ಇಡುತ್ತೇನೆ.